ಕಳೆದುಕೊಂಡದ್ದರ ಬೆನ್ನು ಹತ್ತಬೇಡಿ
(ಜುಮಾ ಖುತ್ಬಾದ ಸಾರಾಂಶ)

ಸರ್ವಸ್ತುತಿ ಅಲ್ಲಾಹನಿಗೆ ಮೀಸಲು. ಪ್ರವಾದಿ ಮುಹಮ್ಮದರ(ಸ) ಮೇಲೂ ಅವರ ಕುಟುಂಬ ಮತ್ತು ಸಹಾಬಿಗಳ ಮೇಲೂ ಶಾಂತಿ ಹಾಗೂ ಅನುಗ್ರಹಗಳಿರಲಿ.

ಸಹೋದರರೇ,

ಕೆಲವು ದಿನಗಳ ಹಿಂದೆ ಇಶಾ ನಮಾಝ್ ಮುಗಿಸಿ ಎಲ್ಲರೂ ಹೋದ ಮೇಲೆ ಒಬ್ಬ ಯುವಕ ಕೊನೆಯ ಸಾಲಿನಲ್ಲೇ ಕುಳಿತಿದ್ದ. ತುಂಬ ಹೊತ್ತಿನ ನಂತರ ಬಾಯಿಬಿಟ್ಟ. ಮೊಬೈಲಿನಲ್ಲಿ ಹಣ ಕಟ್ಟಿ ಪೋಕರ್ ಆಡುತ್ತಿದ್ದನಂತೆ. ಮೊದಲು ನೂರು ರೂಪಾಯಿ ಹಾಕಿ ಗೆದ್ದ. ಆಮೇಲೆ ಸಾವಿರ. ಕೊನೆಗೆ ತಂಗಿಯ ಮದುವೆಗೆಂದು ತಾಯಿ ಕೂಡಿಟ್ಟಿದ್ದ ಹಣವೂ ಹೋಯಿತು. “ಉಸ್ತಾದರೇ, ಹೋದದ್ದು ವಾಪಸ್ ಬಂದರೆ ಅಂದೇ ಬಿಡುತ್ತೇನೆ ಅಂದುಕೊಂಡಿದ್ದೆ. ನಮಾಝಿಗೆ ನಿಂತರೂ ಕಣ್ಣೆದುರು ಇಸ್ಪೀಟ್ ಎಲೆಗಳೇ ಬರುತ್ತವೆ” ಎಂದ. ಅವನ ಒಪ್ಪಿಗೆ ಪಡೆದೇ ಇದನ್ನು ಹೇಳುತ್ತಿದ್ದೇನೆ.

ಸೂರಾ ಅಲ್ ಮಾಇದದ 90 ಮತ್ತು 91ನೇ ವಚನಗಳಲ್ಲಿ ಅಲ್ಲಾಹನು ಮದ್ಯದ ಜೊತೆಗೇ ಜೂಜನ್ನು ಶೈತಾನನ ಹೊಲಸು ಕೃತ್ಯವೆಂದು ತಿಳಿಸಿದ್ದಾನೆ. ಅದರಿಂದ ಹಗೆತನ ಹುಟ್ಟುತ್ತದೆ, ಅದು ಅಲ್ಲಾಹನ ಸ್ಮರಣೆಯಿಂದಲೂ ನಮಾಝಿನಿಂದಲೂ ತಡೆಯುತ್ತದೆ ಎಂದು ಎಚ್ಚರಿಸಿದ್ದಾನೆ. ಆ ಯುವಕನ ಮಾತು ಇದಕ್ಕೆ ಸಾಕ್ಷಿಯಲ್ಲವೇ?

“ಪೋಕರ್ ಅದೃಷ್ಟದ ಆಟವಲ್ಲ, ಬುದ್ಧಿಯ ಆಟ” ಎಂದು ವಾದಿಸುವವರಿದ್ದಾರೆ. ಅದರಲ್ಲಿ ಬುದ್ಧಿಗೆ ಕೆಲಸವಿರಬಹುದು. ಆದರೆ ಎಲ್ಲರೂ ಹಣ ಕಟ್ಟಿ, ಒಬ್ಬನ ನಷ್ಟವೇ ಇನ್ನೊಬ್ಬನ ಲಾಭವಾಗುವಲ್ಲಿ ಅದು ಜೂಜೇ. ವ್ಯಾಪಾರದಲ್ಲಿ ಮಾರಿದವನಿಗೆ ಬೆಲೆ ಸಿಗುತ್ತದೆ, ಕೊಂಡವನಿಗೆ ವಸ್ತು ಸಿಗುತ್ತದೆ. ಇಲ್ಲಿ ಸೋತವನಿಗೆ ಏನು ಸಿಕ್ಕಿತು? ಆಡಿಸುವ ಕಂಪೆನಿಯಾದರೋ ಕಟ್ಟಿದ ಹಣದಿಂದ ತನ್ನ ಪಾಲನ್ನು ಮುರಿದುಕೊಳ್ಳುತ್ತದೆ. ಹಾಗಾಗಿ ಆಟಗಾರರೆಲ್ಲರನ್ನೂ ಸೇರಿಸಿ ಲೆಕ್ಕ ಹಾಕಿದರೆ ಉಳಿಯುವುದು ನಷ್ಟವೇ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನು ಸಂಸತ್ತು 2025ರ ಆಗಸ್ಟ್‌ನಲ್ಲಿ ಅಂಗೀಕರಿಸಿದೆ. ಆದರೆ ಸತ್ಯವಿಶ್ವಾಸಿಯನ್ನು ತಡೆಯಬೇಕಾದದ್ದು ಕಾಯಿದೆಗಿಂತ ಮೊದಲು ಅಲ್ಲಾಹನ ಭಯ.

ಪೋಕರ್ ಆಡುವವರಲ್ಲೂ ಒಂದು ಬುದ್ಧಿಮಾತಿದೆಯಂತೆ: ಒಂದು ಆಟದ ಸೋಲು ಗೆಲುವು ನೋಡಬೇಡ, ದೀರ್ಘ ಕಾಲದ ಲೆಕ್ಕ ನೋಡು. ಸರಿ, ಆ ಲೆಕ್ಕವನ್ನು ಇನ್ನೂ ಸ್ವಲ್ಪ ದೂರಕ್ಕೆ, ಕಬರ್ ದಾಟಿ ಮಹ್ಶರದವರೆಗೆ ಒಯ್ಯಿರಿ. ಸಂಪತ್ತನ್ನು ಎಲ್ಲಿಂದ ಗಳಿಸಿದೆ, ಯಾವುದಕ್ಕೆ ಖರ್ಚು ಮಾಡಿದೆ ಎಂದು ಅಲ್ಲಿ ಕೇಳಲಾಗುವುದು ಎಂದು ಪ್ರವಾದಿಯವರು(ಸ) ತಿಳಿಸಿದ್ದಾರೆ. ಆ ಲೆಕ್ಕದಲ್ಲಿ ಜೂಜಿನ ಗೆಲುವೂ ನಷ್ಟವೇ.

ಸೂರಾ ಅಲ್ ಕಲಮ್‌ನಲ್ಲಿ ತೋಟದವರ ಕಥೆಯಿದೆ. ಬಡವರಿಗೆ ಪಾಲು ಕೊಡಬಾರದೆಂದು ಬೆಳಗ್ಗೆಯೇ ಕೊಯ್ಲಿಗೆ ಹೊರಟವರಿಗೆ ತೋಟವೇ ನಾಶವಾಗಿರುವುದು ಕಂಡಿತು. ಮೊದಲು, ದಾರಿ ತಪ್ಪಿ ಬೇರೆಲ್ಲಿಗೋ ಬಂದೆವೆಂದುಕೊಂಡರು. ಆಮೇಲೆ ಪರಸ್ಪರ ದೂಷಿಸಿಕೊಂಡರು. ಕೊನೆಗೆ ತಪ್ಪು ತಮ್ಮದೆಂದು ಒಪ್ಪಿ ಅಲ್ಲಾಹನ ಕಡೆಗೆ ತಿರುಗಿದರು, ಇದಕ್ಕಿಂತ ಉತ್ತಮವಾದುದನ್ನು ಅವನು ಕೊಡಬಹುದೆಂದು ನಿರೀಕ್ಷಿಸಿದರು. ನಷ್ಟವಾದವನು ಮೊದಲ ಎರಡು ಹಂತದಲ್ಲೇ ನಿಂತುಬಿಡಬಾರದು. ಮೂರನೆಯದಕ್ಕೆ ಬರಬೇಕು.

ಇನ್ನೊಂದು ಮಾತು. ಸೂರಾ ಅನ್ನಿಸಾದ 29ನೇ ವಚನವು ಪರಸ್ಪರರ ಸೊತ್ತನ್ನು ಅನ್ಯಾಯವಾಗಿ ತಿನ್ನಬೇಡಿ ಎನ್ನುತ್ತದೆ. ಅದೇ ವಚನ, ನಿಮ್ಮನ್ನು ನೀವೇ ಕೊಂದುಕೊಳ್ಳಬೇಡಿ, ಅಲ್ಲಾಹನು ನಿಮ್ಮ ಮೇಲೆ ಕರುಣೆಯುಳ್ಳವನು ಎಂದೂ ಹೇಳುತ್ತದೆ. ಈ ಎರಡು ಎಚ್ಚರಿಕೆಗಳು ಒಂದೇ ಕಡೆ ಏಕಿವೆ ಎಂದು ಆ ರಾತ್ರಿ ನನಗೆ ಹೊಳೆಯಿತು. ಏಕೆಂದರೆ ಬದುಕೇ ಬೇಡವೆನಿಸಿ ಅವನು ಮಸೀದಿಗೆ ಬಂದಿದ್ದ. ಹಣ ಹೋದರೆ ಹಣ ಮಾತ್ರ ಹೋಯಿತು. ತೌಬಾದ ಬಾಗಿಲು ತೆರೆದೇ ಇದೆ. ಇಂಥ ಯೋಚನೆ ಬಂದವರು ಒಬ್ಬರೇ ಕೂರಬೇಡಿ. ಮನೆಯವರಿಗೆ ಹೇಳಿ, ನನ್ನ ಬಳಿಗೆ ಬನ್ನಿ, ಸರಕಾರದ ಟೆಲಿಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ.

ಈ ಬಲೆಗೆ ಬಿದ್ದವರು ಇಂದೇ ಕೆಲವು ಕೆಲಸ ಮಾಡಿ. ಆ್ಯಪ್ ಅಳಿಸಿ. ಸಾಲದ ಲೆಕ್ಕವನ್ನು ಪೂರ್ತಿ, ಏನೂ ಮುಚ್ಚಿಡದೆ, ಬರೆದು ಮನೆಯ ಹಿರಿಯರೊಬ್ಬರ ಕೈಗೆ ಕೊಡಿ. ಒಂದು ಸಾಲ ತೀರಿಸಲು ಬಡ್ಡಿಯ ಇನ್ನೊಂದು ಸಾಲ ಮಾಡಬೇಡಿ. ‘ಹೀಗೆ ಆಡಿದ್ದರೆ ಗೆಲ್ಲುತ್ತಿದ್ದೆ’ ಎಂಬ ಲೆಕ್ಕಾಚಾರ ಬಿಡಿ. ‘ಹಾಗೆ ಮಾಡಿದ್ದರೆ’ ಎಂಬ ಮಾತು ಶೈತಾನನಿಗೆ ಬಾಗಿಲು ತೆರೆಯುತ್ತದೆ ಎಂದು ಪ್ರವಾದಿಯವರು(ಸ) ಎಚ್ಚರಿಸಿದ್ದಾರೆ. ಜೂಜಿಗೆ ಬಾ ಎಂದು ಬಾಯಲ್ಲಿ ಕರೆದವನೂ ಸದಕ ಕೊಡಬೇಕೆಂದು ಅವರು ಕಲಿಸಿದ್ದಾರೆ. ಹಾಗಾಗಿ ಹಲಾಲ್ ದುಡಿಮೆಯಿಂದ ಹತ್ತು ರೂಪಾಯಿಯಾದರೂ ಸದಕ ಕೊಡಿ.

ಮನೆಯವರಲ್ಲೂ ಒಂದು ವಿನಂತಿ. ತಪ್ಪು ಒಪ್ಪಿಕೊಂಡು ಬಂದವನನ್ನು ನೆಂಟರಿಷ್ಟರ ಮುಂದೆ ಹರಾಜು ಹಾಕಬೇಡಿ. ಹಣಕಾಸಿನ ವ್ಯವಹಾರ ಸ್ವಲ್ಪ ಕಾಲ ನಿಮ್ಮ ಕೈಯಲ್ಲಿರಲಿ, ಸಲಾಂ ಮತ್ತು ಊಟ ಮಾತ್ರ ನಿಲ್ಲದಿರಲಿ. ಸಾಲ ಕೊಟ್ಟವರು, ಕಷ್ಟದಲ್ಲಿರುವವನಿಗೆ ಕಾಲಾವಕಾಶ ಕೊಡಬೇಕೆಂಬ ಕುರ್‌ಆನಿನ ಆದೇಶವನ್ನು ನೆನಪಿಡಿ.

ಆ ಯುವಕ ಮರುದಿನ ತಾಯಿಯ ಬಳಿ ಎಲ್ಲವನ್ನೂ ಹೇಳಿದ. ತಾಯಿ ತುಂಬ ಅತ್ತರಂತೆ, ಆಮೇಲೆ ಊಟಕ್ಕೆ ಕರೆದರಂತೆ. ಹಣ ಇನ್ನೂ ಬಂದಿಲ್ಲ, ಮದುವೆ ಮುಂದೆ ಹೋಗಿದೆ. ಆದರೆ ಅವನು ಈಗ ಫಜ್ರ್‌ಗೆ ಮೊದಲ ಸಾಲಿನಲ್ಲಿರುತ್ತಾನೆ.

ಅಲ್ಲಾಹನು ನಮ್ಮ ಮಕ್ಕಳನ್ನು ಹರಾಮ್ ಸಂಪಾದನೆಯಿಂದ ಕಾಪಾಡಲಿ, ಹಲಾಲ್ ದುಡಿಮೆಯಲ್ಲಿ ಬರಕತ್ ನೀಡಲಿ, ಎಡವಿದವರಿಗೆ ಎದ್ದು ಬರುವ ತೌಫೀಕ್ ಕರುಣಿಸಲಿ. ಆಮೀನ್.