ದಾಸ್ತಾನಿನ ಲೆಕ್ಕ, ಹಾಲಿನ ಲೆಕ್ಕ

(ಮಾದಿಹಳ್ಳಿಯಲ್ಲಿ ಹಾಲು ಉತ್ಪಾದಕರ ಸಭೆಯಲ್ಲಿ ಪಶುವೈದ್ಯ ವಿಸ್ತರಣಾಧಿಕಾರಿಗಳು ಮಾಡಿದ ಭಾಷಣ)



ಹಸುವಿನ ಡಾಕ್ಟರು ಇಂದು ಅಂಗಡಿಯ ಮಾತು ಆಡುತ್ತಾರಲ್ಲ ಎಂದು ತಾವು ಆಶ್ಚರ್ಯಪಡಬಹುದು. ಅದಕ್ಕೆ ಕಾರಣವಿದೆ.

ಕೆಲವು ವರ್ಷಗಳ ಹಿಂದೆ ಒಂದು ಊರಿನಲ್ಲಿ ಹಾಲು ದಿಢೀರನೆ ಇಳಿಯಿತೆಂದು ನನ್ನನ್ನು ಕರೆಸಿದರು. ಜ್ವರ ನೋಡಿದೆ, ಕೆಚ್ಚಲು ಪರೀಕ್ಷಿಸಿದೆ. ರೋಗವಿಲ್ಲ. ಕೊನೆಗೆ ಒಬ್ಬ ತಾಯಿ, "ಫೀಡು ಖಾಲಿಯಾಗಿ ಎಂಟು ದಿನ ಆಯ್ತು ಸಾರ್, ಬರೀ ಹುಲ್ಲು ಹಾಕ್ತಿದೀವಿ" ಎಂದರು. ಆಕೆ ಸಾಲ ಮಾಡಿ ತಂದ ಹಸು ಕರು ಹಾಕಿ ಒಂದೂವರೆ ತಿಂಗಳಾಗಿತ್ತು. ಆ ಕಾಲದಲ್ಲಿ ಇಳಿದ ಹಾಲು ಆ ಸೂಲಿನಲ್ಲಿ ಪೂರ್ತಿ ಏರುವುದು ಕಷ್ಟ. ರೋಗ ಇದ್ದದ್ದು ಹಸುವಿನಲ್ಲಲ್ಲ, ಗೋದಾಮಿನಲ್ಲಿ. ಅದನ್ನು ಮೊದಲು ಕೇಳದೇ ಹೋದದ್ದು ನನ್ನ ತಪ್ಪು.

ಈಗ ನಮ್ಮ ಮಕ್ಕಳು ಮೊಬೈಲಿನಲ್ಲಿ ಸಾಮಾನು ತರಿಸುವ ಅಂಗಡಿಗಳನ್ನೇ ನೋಡಿ. ಫ್ಲಿಪ್‌ಕಾರ್ಟ್ 2007ರಲ್ಲಿ ಬೆಂಗಳೂರಿನಲ್ಲಿ ಪುಸ್ತಕ ಮಾರಲು ಆರಂಭಿಸಿತು. ಮೊದಮೊದಲು ದಾಸ್ತಾನು ಇರಲಿಲ್ಲ. ಬೇಡಿಕೆ ಬಂದ ಮೇಲೆ ಪುಸ್ತಕ ಕೊಂಡು ಕಳುಹಿಸುತ್ತಿದ್ದರು. ಹಣ ಕಟ್ಟಿಹಾಕಿಕೊಳ್ಳದೆ ವ್ಯಾಪಾರ ಕಲಿತರು. ಗಿರಾಕಿಗಳು ಹೆಚ್ಚಿದ ಮೇಲೆ ಬೇಗ ತಲುಪಿಸಲು ಗೋದಾಮುಗಳು ಬೇಕಾದವು. 2014ರ ಅಕ್ಟೋಬರ್ 6ರಂದು ಭಾರಿ ರಿಯಾಯಿತಿ ಮಾರಾಟ ನಡೆಸಿದಾಗ ಎಷ್ಟೋ ಸಾಮಾನು ಬೇಗನೆ ಮುಗಿದುಹೋಗಿ, ಕೆಲವು ಆರ್ಡರುಗಳು ರದ್ದಾದವು. ಸ್ಥಾಪಕರೇ ಗಿರಾಕಿಗಳ ಕ್ಷಮೆ ಕೇಳಬೇಕಾಯಿತು. ದಾಸ್ತಾನು ಕಡಿಮೆಯಾದರೆ ನಂಬಿಕೆ ಹೋಗುತ್ತದೆ. ಹೆಚ್ಚಾದರೆ ಹಣ ಕೊಳೆಯುತ್ತದೆ. ಇವೆರಡರ ನಡುವಿನ ಹದವೇ ಬೆಳವಣಿಗೆ.

ನಮಗೂ ಇದೇ ಲೆಕ್ಕ. ನಿಮ್ಮ ಸಂಘದಲ್ಲಿ ದಿನಕ್ಕೆ 4 ಚೀಲ ಪಶು ಆಹಾರ ಖರ್ಚಾಗುತ್ತದೆ, ಇಂಡೆಂಟ್ ಕೊಟ್ಟ 5 ದಿನಕ್ಕೆ ಲಾರಿ ಬರುತ್ತದೆ ಎಂದಿಟ್ಟುಕೊಳ್ಳಿ. ಲಾರಿ ಬರುವವರೆಗೆ 20 ಚೀಲ ಬೇಕು. ಮಳೆ, ರಜೆ ಎಂದು ತಡವಾದರೆ ಇರಲೆಂದು ಇನ್ನೆರಡು ದಿನದ 8 ಚೀಲ ಸೇರಿಸಿ. ಗೋದಾಮಿನಲ್ಲಿ 28 ಚೀಲ ಉಳಿದ ದಿನವೇ ಇಂಡೆಂಟ್ ಹೋಗಬೇಕು. ಖಾಲಿಯಾದ ಮೇಲೆ ಅಲ್ಲ.

ಹಾಗೆಂದು ಆರು ತಿಂಗಳಿಗಾಗುವಷ್ಟು ತಂದು ತುಂಬಬೇಡಿ. ತೇವ ತಗುಲಿದ ಆಹಾರಕ್ಕೆ ಬೂಷ್ಟು ಹಿಡಿಯುತ್ತದೆ. ಅದರಲ್ಲಿ ಹುಟ್ಟುವ ಅಫ್ಲಾಟಾಕ್ಸಿನ್ ವಿಷದ ಅಂಶ ಹಾಲಿಗೂ ಇಳಿಯುತ್ತದೆ. ಚೀಲಗಳನ್ನು ಮರದ ಹಲಗೆಯ ಮೇಲೆ, ಗೋಡೆಗೆ ತಾಗದಂತೆ ಜೋಡಿಸಿ. ಮೊದಲು ಬಂದ ಚೀಲ ಮೊದಲು ಹೋಗಲಿ. ಲಸಿಕೆಯೂ ದಾಸ್ತಾನೇ: 2ರಿಂದ 8 ಡಿಗ್ರಿ ತಂಪಿನಲ್ಲಿಡದಿದ್ದರೆ ಬಾಟಲಿ ಇದ್ದೂ ಇಲ್ಲದಂತೆ.

ಇನ್ನು ಮನೆಯ ಬಣವೆ. ಒಂದು ಹಸುವಿಗೆ ದಿನಕ್ಕೆ 6 ಕಿಲೋ ಒಣ ಮೇವು ಎಂದರೆ, ಎರಡು ಹಸುವಿಗೆ ಫೆಬ್ರವರಿಯಿಂದ ಮೇ ಕೊನೆಯವರೆಗಿನ 120 ದಿನಕ್ಕೆ 1,440 ಕಿಲೋ ಬೇಕು. ರಾಗಿ ಕೊಯ್ಲಾದ ಕೂಡಲೇ ಈ ಲೆಕ್ಕ ಹಾಕಿ. ಕೊರತೆ ಕಂಡರೆ ಆಗಲೇ ಹುಲ್ಲು ಕೊಳ್ಳಿ. ಜೋಳ ಹಸಿರಾಗಿ ಸಿಗುವ ಕಾಲದಲ್ಲೇ ರಸಮೇವು ಮಾಡಿಡಿ. ಏಪ್ರಿಲ್‌ನಲ್ಲಿ ಕೊಳ್ಳಲು ಹೊರಟರೆ ದುಬಾರಿ ಹುಲ್ಲಿಗಾಗಿ ಹಸುವನ್ನೇ ಮಾರುವ ಗತಿ ಬಂದೀತು.

ನಮ್ಮ ಹಾಲನ್ನು ನಾವು ಒಂದು ದಿನವೂ ದಾಸ್ತಾನು ಇಡಲಾರೆವು. ಅದು ಬೆಳಿಗ್ಗೆ, ಸಂಜೆ ಡೇರಿಗೆ ಹೋಗಲೇಬೇಕು. ಆದ್ದರಿಂದ ಹಾಲಿನ ಹಿಂದಿರುವ ದಾಸ್ತಾನು ತಪ್ಪಬಾರದು. ಇಂದು ಮನೆಗೆ ಹೋದವರು ಬಣವೆ ನೋಡಿ. ನಾಳೆ ಹಾಲು ಹಾಕಲು ಬಂದಾಗ ಕಾರ್ಯದರ್ಶಿಗಳನ್ನು ಒಂದೇ ಮಾತು ಕೇಳಿ: "ಎಷ್ಟು ಚೀಲ ಉಳಿದಿದೆ? ಎಷ್ಟು ದಿನಕ್ಕೆ ಬರುತ್ತೆ?" ಅವರು ಬೇಸರಪಡುವುದಿಲ್ಲ. ಸಂಘ ಅವರದೂ ಹೌದು, ನಿಮ್ಮದೂ ಹೌದು.