ಒಂದೇ ಊರು, ಎರಡು ಶಾಲೆ

ಮಗುವಿಗೆ ಅಂಕ ಕಡಿಮೆ ಬಂದರೆ ನಾವು ಮಗುವನ್ನೇ ದಿಟ್ಟಿಸಿ ನೋಡುತ್ತೇವೆ. ಅದು ಕೂತು ಓದುವ ಕೋಣೆಯನ್ನು ನೋಡುವವರು ಕಡಿಮೆ.

1968. ಅಮೆರಿಕದ ಟೆಕ್ಸಾಸ್ ರಾಜ್ಯದ ಸ್ಯಾನ್ ಆಂಟೋನಿಯೊ ನಗರ. ಎಡ್ಜ್‌ವುಡ್ ಎಂಬ ಬಡವರ ಬಡಾವಣೆಯಲ್ಲಿದ್ದವರು ಹೆಚ್ಚಾಗಿ ಮೆಕ್ಸಿಕೊ ಮೂಲದವರು. ಒಡೆದ ಕಿಟಕಿಗಳ ಶಾಲೆ. ಅರ್ಧಕ್ಕೆ ಸಮೀಪ ಶಿಕ್ಷಕರು ತಾತ್ಕಾಲಿಕ ಪರವಾನಗಿಯ ಮೇಲಿದ್ದವರು. ಮಕ್ಕಳೇ ತರಗತಿ ಬಿಟ್ಟು ಬೀದಿಗಿಳಿದರು. ಡೆಮೆಟ್ರಿಯೊ ರೋಡ್ರಿಗಸ್ ಎಂಬ ತಂದೆ, ಇತರ ಪೋಷಕರ ಜೊತೆ ಸೇರಿ, ನ್ಯಾಯಾಲಯದ ಬಾಗಿಲು ತಟ್ಟಿದರು.

ಅಲ್ಲಿ ಶಾಲೆಯ ಖರ್ಚಿನ ದೊಡ್ಡ ಪಾಲು ಆಯಾ ಪ್ರದೇಶದ ಆಸ್ತಿ ತೆರಿಗೆಯದು. ಎಡ್ಜ್‌ವುಡ್‌ನ ಬಡವರು ಕಟ್ಟುತ್ತಿದ್ದ ತೆರಿಗೆಯ ದರವೇ ಹೆಚ್ಚು. ಆದರೆ ಗುಡಿಸಲಿನಂಥ ಮನೆಗಳಿಗೆ ಬೆಲೆಯೆಷ್ಟು? ಎಲ್ಲ ಸೇರಿಸಿದರೂ ಒಂದು ಮಗುವಿಗೆ ವರ್ಷಕ್ಕೆ ದಕ್ಕಿದ್ದು 356 ಡಾಲರ್. ಅದೇ ಊರಿನ, ಬಹುಪಾಲು ಬಿಳಿಯರೇ ಇದ್ದ ಅಲಾಮೊ ಹೈಟ್ಸ್‌ನ ಮಗುವಿಗೆ 594. ಈ ಎರಡೂ ಮಕ್ಕಳನ್ನು ಒಂದೇ ಪರೀಕ್ಷೆಗೆ ಕೂರಿಸಿ, ಇವನು ಜಾಣ, ಅವನು ದಡ್ಡ ಎನ್ನುವುದು ನನಗಂತೂ ಘೋರ ಅನ್ಯಾಯವಾಗಿ ಕಾಣುತ್ತದೆ.

1973ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಈ ಪೋಷಕರ ವಾದವನ್ನು ಒಪ್ಪದೆ, ಶಿಕ್ಷಣ ದೇಶದ ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ ಎಂದಿತು. ಐವರು ಒಂದು ಕಡೆ, ನಾಲ್ವರು ಇನ್ನೊಂದು ಕಡೆ. ಭಿನ್ನಮತ ಬರೆದವರಲ್ಲಿ ಒಬ್ಬರು ಥರ್ಗುಡ್ ಮಾರ್ಷಲ್. ಕರಿಯ ಮಕ್ಕಳನ್ನು ಬೇರೆ ಶಾಲೆಗೆ ದೂಡುವುದರ ವಿರುದ್ಧ ವಾದಿಸಿ 1954ರಲ್ಲಿ ಗೆದ್ದಿದ್ದ ವಕೀಲರೇ ಅವರು.

ಟೆಕ್ಸಾಸ್ ರಾಜ್ಯದ್ದೇ ಆದ ಸುಪ್ರೀಂ ಕೋರ್ಟ್ ಈ ಹಣಕಾಸಿನ ಪದ್ಧತಿಯನ್ನು ಒಮ್ಮತದಿಂದ ತಳ್ಳಿಹಾಕಿದ್ದು 1989ರಲ್ಲಿ. ರೋಡ್ರಿಗಸ್ ಅವರ ಮಕ್ಕಳು ಅಷ್ಟರಲ್ಲಿ ದೊಡ್ಡವರಾಗಿದ್ದರು.