ಒಂದು ಪಿ, ಎರಡು ಪಿ



ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಕೆಲಸದ ಅರ್ಜಿಯ ಕರಡನ್ನು ತಂದು ತೋರಿಸಿದ. ಕೊನೆಯಲ್ಲಿ 'ತಮ್ಮ ಉತ್ತರದ ಭರವಸೆಯಲ್ಲಿದ್ದೇನೆ' ಎನ್ನಲು ಹೋಗಿ, 'ಹೋಪಿಂಗ್' ಪದಕ್ಕೆ ಎರಡು ಪಿ ಹಾಕಿದ್ದ. ಅರ್ಥ 'ಕುಪ್ಪಳಿಸುತ್ತಿದ್ದೇನೆ' ಎಂದಾಗಿತ್ತು! ನನಗೆ ನಗು ಬಂತು, ಅವನು ನಗಲಿಲ್ಲ. "ಎರಡನೇ ಪಿ ಕಿವಿಗೆ ಕೇಳಿಸೋದೇ ಇಲ್ಲವಲ್ಲ ಸಾರ್, ಮತ್ಯಾಕೆ ಅದು?" ಎಂದ. ನ್ಯಾಯವಾದ ಪ್ರಶ್ನೆ. 'ಬಾಯಿಪಾಠ ಮಾಡು' ಎಂದರೆ ಅದಕ್ಕೆ ಉತ್ತರವಾಗದು.

ಕನ್ನಡದಲ್ಲಿ ಹ್ರಸ್ವಕ್ಕೊಂದು, ದೀರ್ಘಕ್ಕೊಂದು ಅಕ್ಷರವಿದೆ. ಒತ್ತಕ್ಷರವಿದ್ದರೆ ಒತ್ತಿಯೇ ಹೇಳುತ್ತೇವೆ. ಹಳಿ ಬೇರೆ, ಹಳ್ಳಿ ಬೇರೆ. ಇಂಗ್ಲಿಷಿನಲ್ಲಿ ಸ್ವರಗಳಿಗೆಂದು ಇರುವುದು ಐದೇ ಅಕ್ಷರ. ಆದ್ದರಿಂದ ಸ್ವರವನ್ನು ಎಳೆಯಬೇಕೋ ಬೇಡವೋ ಎಂಬುದನ್ನು ನೆರೆಯ ಅಕ್ಷರ ಹೇಳಬೇಕು. 'ಹೋಪ್' ಪದದ ಕೊನೆಯ ಇ ಮೂಕ, ಆದರೆ 'ಒ ಅನ್ನು ಎಳೆ' ಎಂದು ಸೂಚಿಸುತ್ತದೆ. 'ಇಂಗ್' ಸೇರಿದಾಗ ಆ ಕೆಲಸವನ್ನು ಐ ವಹಿಸಿಕೊಳ್ಳುವುದರಿಂದ ಇ ಬಿದ್ದುಹೋಗುತ್ತದೆ. 'ಹಾಪ್' ಪದದಲ್ಲಿ ಸ್ವರ ಗಿಡ್ಡ. ಅದು ಗಿಡ್ಡವಾಗಿಯೇ ಉಳಿಯಲೆಂದು ನಡುವೆ ಇನ್ನೊಂದು ಪಿ ಬೇಲಿಯಂತೆ ನಿಲ್ಲುತ್ತದೆ. ಅದು ಬೇಲಿ ಮಾತ್ರ. ನಮ್ಮ ಅಭ್ಯಾಸದಂತೆ 'ಹಾಪ್ಪಿಂಗ್' ಎಂದು ಒತ್ತಬೇಡಿ.

'ರೈಟಿಂಗ್' ಪದಕ್ಕೆ ಒಂದು ಟಿ, 'ರಿಟನ್' ಪದಕ್ಕೆ ಎರಡು ಏಕೆ ಎಂಬುದೂ ಈಗ ತಿಳಿಯಿತಲ್ಲವೇ? ಉತ್ತರಪತ್ರಿಕೆಗಳಲ್ಲಿ ನಾನು ಅತಿ ಹೆಚ್ಚು ಸಲ ಕೆಂಪು ಗೆರೆ ಎಳೆದಿರುವುದು ಇದಕ್ಕೇ.

ಉದ್ದ ಪದಗಳಲ್ಲಿ ಉಚ್ಚಾರದ ಒತ್ತು ಎಲ್ಲಿದೆ ನೋಡಿ. 'ಬಿಗಿನ್' ಪದಕ್ಕೆ ಒತ್ತು ಕೊನೆಯಲ್ಲಿ, ಆದ್ದರಿಂದ 'ಬಿಗಿನಿಂಗ್' ಬರೆಯುವಾಗ ನಡುವೆ ಎರಡು ಎನ್. 'ಓಪನ್' ಪದಕ್ಕೆ ಒತ್ತು ಮೊದಲಲ್ಲಿ, 'ಓಪನಿಂಗ್' ಪದದಲ್ಲಿ ಆ ಎನ್ ಒಂದೇ. 'ಅಕರ್ಡ್' ಪದಕ್ಕೆ ಎರಡು ಆರ್, 'ಆಫರ್ಡ್' ಪದಕ್ಕೆ ಒಂದು. 'ಟ್ರಾವೆಲಿಂಗ್' ಮಾತ್ರ ತಕರಾರಿನದು: ಬ್ರಿಟಿಷರು ಎರಡು ಎಲ್ ಬರೆದರೆ, ಅಮೆರಿಕನ್ನರು ನೋವಾ ವೆಬ್‌ಸ್ಟರನ 1828ರ ನಿಘಂಟಿನ ದಾರಿ ಹಿಡಿದು ಒಂದನ್ನೇ ಬರೆಯುತ್ತಾರೆ. ನಮ್ಮಲ್ಲಿ ಬ್ರಿಟಿಷ್ ಪದ್ಧತಿಯೇ ರೂಢಿ.

ಅದೇ ಅರ್ಜಿಯಲ್ಲಿ ಇನ್ನೊಂದು ತಪ್ಪಿತ್ತು. 'ಅಪ್ಲೈ' ಪದದ ವೈ ಹಾಗೆಯೇ ಇಟ್ಟು 'ಇ-ಡಿ' ಅಂಟಿಸಿದ್ದ. ವೈ ಹಿಂದೆ ವ್ಯಂಜನವಿದ್ದರೆ ವೈ ಹೋಗಿ ಐ ಬರುತ್ತದೆ. 'ಪ್ಲೇ' ಪದದಂತೆ ಸ್ವರವಿದ್ದರೆ ಉಳಿಯುತ್ತದೆ. 'ಇಂಗ್' ಮುಂದೆ ಎರಡು ಐ ಒಟ್ಟಾಗಬಾರದೆಂದು 'ಅಪ್ಲೈಯಿಂಗ್' ಪದದಲ್ಲೂ ವೈ ಉಳಿಯುತ್ತದೆ. ಬಟ್ಟೆಗೆ ಬಣ್ಣ ಹಾಕುವ 'ಡೈಯಿಂಗ್' ಪದದಲ್ಲಿ ಇ ಬಿಡಬೇಡಿ. ಬಿಟ್ಟರೆ ಬಣ್ಣಗಾರ ಸಾಯುತ್ತಾನೆ!

ಸಿಟ್, ಲಿಮಿಟ್, ಅಡ್ಮಿಟ್ - ಈ ಮೂರಕ್ಕೂ 'ಇಂಗ್' ಸೇರಿಸಿ ಬರೆದು, ನಿಘಂಟಿನಲ್ಲಿ ನೋಡಿಕೊಳ್ಳಿ.